ಐದಡಿಯ ಮಂಚ

ಗೆರೆಯಪ್ಪನ ನಿಜವಾದ ಹೆಸರು ಅವನ ಹೆಂಡತಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಮೂವತ್ತೊಂದು ವರ್ಷ ಮನೆ ಕಟ್ಟುವವರಿಗೆ ಪ್ಲಾನು ಬರೆದುಕೊಟ್ಟು ಬರೆದುಕೊಟ್ಟು, ಊರವರ ಬಾಯಲ್ಲಿ ಅವನು ಗೆರೆಯಪ್ಪನೇ ಆಗಿಹೋಗಿದ್ದ. ಬಣ್ಣದ ಅಂಗಡಿಯ ಮೇಲಿನ ಒಂಟಿ ಕೋಣೆ ಅವನ ಆಫೀಸು. ಒಂದು ಓರೆ ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿಸಿಟ್ಟ ಟ್ರೇಸಿಂಗ್ ಹಾಳೆಯ ಸುರುಳಿಗಳು. ಎದುರು ಬೀದಿಗೆ ಕಂಪ್ಯೂಟರಿನಲ್ಲಿ ಪ್ಲಾನು ಹಾಕಿಕೊಡುವವರು ಬಂದು ಹತ್ತು ವರ್ಷವಾಗಿದ್ದರೂ, ಸಣ್ಣ ಸೈಟಿನವರು ಹುಡುಕಿಕೊಂಡು ಇವನ ಮೆಟ್ಟಿಲನ್ನೇ ಹತ್ತುತ್ತಿದ್ದರು. ಯಾಕೆಂದರೆ ಅಲ್ಲಿಗೆ ಹೋದರೆ "ಇಷ್ಟು ಜಾಗದಲ್ಲಿ ಅಷ್ಟೆಲ್ಲ ಆಗಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ. ಗೆರೆಯಪ್ಪ ಜನ್ಮದಲ್ಲಿ ಯಾರಿಗೂ ಆಗಲ್ಲ ಅಂದವನಲ್ಲ.

ಬಂದವರು ಏನು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು: "ಮಾಡೋಣ ಬಿಡಿ." ಮಗನಿಗೊಂದು ಓದೋ ಕೋಣೆ? ಮಾಡೋಣ ಬಿಡಿ. ಅಡುಗೆಮನೇಲೇ ಊಟದ ಮೇಜು? ಮಾಡೋಣ ಬಿಡಿ. ಎದುರಿಗೆ ಕೂತವರ ಮುಖ ಬಾಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಒಳ್ಳೆಯ ಮನುಷ್ಯ ಅಂತ ನೀವು ಅಂದುಕೊಳ್ಳಬಹುದು. ಊರೂ ಹಾಗೇ ಅಂದುಕೊಂಡಿತ್ತು.

ಆಗದ್ದನ್ನು ಆಗಿಸುವುದಕ್ಕೆ ಅವನ ಹತ್ತಿರ ಒಂದು ಅಚ್ಚು ಇತ್ತು. ಹಳೇ ಎಕ್ಸ್-ರೇ ಹಾಳೆಯಲ್ಲಿ ಬ್ಲೇಡಿನಿಂದ ಕೊರೆದದ್ದು. ಮಂಚದ ಆಕಾರಕ್ಕೊಂದು ತೂತು, ಮೇಜಿಗೊಂದು, ಕುರ್ಚಿಗೊಂದು, ಬೀರುವಿಗೊಂದು. ಪ್ಲಾನಿನ ಮೇಲಿಟ್ಟು ಪೆನ್ನಿನಲ್ಲಿ ಸುತ್ತ ಎಳೆದರೆ ಕೋಣೆಯಲ್ಲಿ ಮಂಚ ಬಂದು ಕೂರುತ್ತಿತ್ತು. ಬೆಳಕಿಗೆ ಹಿಡಿದರೆ ಯಾರದ್ದೋ ಪಕ್ಕೆಲುಬು ಇನ್ನೂ ಕಾಣುತ್ತಿತ್ತು. ಕಸುಬು ಕಲಿಸಿದ ಮುದುಕರು ಕೊಟ್ಟ ಅಚ್ಚು ಅದು. ಕೊಡುವಾಗ ಅವರು ಮೆಲ್ಲಗೆ ಹೇಳಿದ್ದರು, "ಗೋಡೆ ಮಾತ್ರ ಕರೆಕ್ಟಾಗಿ ಬರೀಬೇಕು ಕಣೋ, ಮೇಸ್ತ್ರಿ ಕಟ್ಟೋದು ಗೋಡೇನ. ಮಂಚ ಗಿಂಚ ಎಲ್ಲ ಅಲಂಕಾರಕ್ಕೆ. ಅದನ್ನ ಒಂಚೂರು ಚಿಕ್ಕದು ಮಾಡು, ಕೋಣೆ ದೊಡ್ಡದಾಗಿ ಕಾಣುತ್ತೆ. ಬಂದವರು ನಗ್ತಾ ಮೆಟ್ಟಿಲು ಇಳೀತಾರೆ."

ನಿಜವಾದ ಮಂಚ ಆರೂಕಾಲು ಅಡಿ ಉದ್ದ, ಮೂರಡಿ ಅಗಲ. ಅಚ್ಚಿನ ಮಂಚ ಐದಡಿ ಉದ್ದ, ಎರಡೂವರೆ ಅಗಲ. ಹಾಳೆಯ ಮೇಲೆ ವ್ಯತ್ಯಾಸ ಎಷ್ಟು? ಒಂದು ಅಕ್ಕಿಕಾಳಿನಷ್ಟು. ಆ ಅಕ್ಕಿಕಾಳನ್ನು ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಮನೆ ಕಟ್ಟಿ ಮುಗಿದ ಮೇಲೆ ಎಲ್ಲರೂ ಪ್ರೀತಿಯಿಂದ ಕರೆಯುತ್ತಿದ್ದರು, ಬನ್ನಿ, ನಿಮ್ಮ ಕೈಯ ಮನೆ ನೋಡಿ ಅಂತ. ಗೆರೆಯಪ್ಪ ಒಂದು ಮನೆಗೂ ಹೋದವನಲ್ಲ. ಒಮ್ಮೆ ಮಂಡಿನೋವು, ಒಮ್ಮೆ ಜ್ವರ. ಇಲ್ಲದ ಚಿಕ್ಕಮ್ಮನನ್ನು ಎರಡು ಸಲ ಸಾಯಿಸಿದ್ದ. "ಊರಿಗೆಲ್ಲ ಮನೆ ಬರೆದುಕೊಡ್ತೀರಿ, ಒಂದರ ಹೊಸ್ತಿಲೂ ತುಳಿಯಲ್ಲ. ಇದೆಂಥ ಬಡಿವಾರ ನಿಮ್ಮದು?" ಅಂತ ಹೆಂಡತಿ ಕಾಲೆಳೆಯುತ್ತಿದ್ದಳು. ಬಡಿವಾರವಲ್ಲ, ಭಯ. ಅದನ್ನು ಹೆಂಡತಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಬೆಳಗ್ಗೆ ಬಸ್ ಡ್ರೈವರೊಬ್ಬ ತನ್ನ ಅಕ್ಕನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ. ಅಕ್ಕನನ್ನು ಗೆರೆಯಪ್ಪ ಬಲ್ಲ, ಅವಳನ್ನು ಅರಿಯದವರೇ ಇಲ್ಲ. ಟೈಲರಕ್ಕ. ಮದುವೆಯಾಗದೆ, ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು, ತಮ್ಮನನ್ನು ಓದಿಸಿ, ಅವನ ಸಂಸಾರದ ಜೊತೆಗೇ ಬಾಡಿಗೆ ಮನೆಯಲ್ಲಿದ್ದವಳು. ಟೇಪು ಹಾಕದೆ ಬರೀ ಕಣ್ಣಲ್ಲಿ ನೋಡಿ ಎದೆಯಳತೆ ಹೇಳುತ್ತಾಳೆ, ಒಂದು ಇಂಚು ಆಚೆ ಈಚೆ ಆಗುವುದಿಲ್ಲ ಅನ್ನುವ ಹೆಸರಿತ್ತು ಅವಳಿಗೆ. ಟೇಪು ಮಾತ್ರ ಸದಾ ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

"ಸೈಟು ಚಿಕ್ಕದು ಸಾರ್," ಅಂದ ಡ್ರೈವರು. "ನಮಗೊಂದು ಕೋಣೆ, ಮಕ್ಕಳಿಗೊಂದು. ಆದ್ರೆ ಅಕ್ಕನಿಗೆ ಅಂತ ಒಂದು ಕೋಣೆ ಬರಲೇಬೇಕು. ಅದಿಲ್ಲದೆ ನಾನು ಮನೇನೇ ಕಟ್ಟಲ್ಲ."

"ಅಯ್ಯೋ, ಇವನದ್ದೊಂದು," ಅಂದಳು ಟೈಲರಕ್ಕ. ಆಮೇಲೆ ನಾಚಿಕೊಂಡೇ ಹೇಳಿದಳು: "ದೊಡ್ಡದೇನೂ ಬೇಡ ಸಾರ್. ಮಂಚ, ಮಿಷನ್ನು, ಬಟ್ಟೆ ಕತ್ತರಿಸೋ ಮೇಜು, ಈ ಮೂರು ಹಿಡಿದ್ರೆ ಸಾಕು. ಮತ್ತೆ ಒಳಗಿಂದ ಚಿಲಕ ಹಾಕೋ ಬಾಗಿಲು. ನಲವತ್ತು ವರ್ಷದಿಂದ ಹಾಲ್‌ನಲ್ಲಿ ಪರದೆ ಹಿಂದೆ ಮಲಗಿದ್ದೀನಿ. ಸಾಯೋದ್ರೊಳಗೆ ಒಂದು ಸಲ ಬಾಗಿಲು ಹಾಕ್ಕೊಂಡು ಮಲಗಬೇಕು ಅಂತ."

ಗೆರೆಯಪ್ಪ ಎಂದಿನಂತೆ ಅಂದ, "ಮಾಡೋಣ ಬಿಡಿ ಅಕ್ಕ."

ನಾಲ್ಕು ದಿನ ತಿಣುಕಾಡಿದ. ಎಷ್ಟು ತಿರುಗಿಸಿ ಬರೆದರೂ ಮಹಡಿ ಮೆಟ್ಟಿಲಿನ ಪಕ್ಕ ಉಳಿಯುತ್ತಿದ್ದದ್ದು ಎಂಟು ಅಡಿ ಉದ್ದ, ಆರು ಅಡಿ ಅಗಲದ ಜಾಗ. ಅದರಲ್ಲಿ ಮಂಚ ಹಾಕಿದರೆ ಮೇಜು ಹಿಡಿಯುವುದಿಲ್ಲ. ಮೇಜು ಹಾಕಿದರೆ ಮಂಚ ಹಿಡಿಯುವುದಿಲ್ಲ. ಬಾಗಿಲನ್ನು ಹೊರಗೆ ತೆರೆಸೋಣವೆಂದರೆ ಮೆಟ್ಟಿಲಿಗೆ ತಾಗುತ್ತದೆ, ಒಳಗೆ ತೆರೆಸಿದರೆ ಮಂಚಕ್ಕೆ ಬಡಿಯುತ್ತದೆ. ಇದೆಲ್ಲ ಅವನಿಗೆ ಅಂಗೈ ಗೆರೆಯಷ್ಟೇ ಚೆನ್ನಾಗಿ ಗೊತ್ತಿತ್ತು. ಡ್ರೈವರನ್ನು ಕರೆದು "ನಿಮ್ಮ ಕೋಣೆಯಿಂದ ಎರಡಡಿ ಬಿಟ್ಟುಕೊಡಿ, ಅಕ್ಕನಿಗೆ ಸರಿಹೋಗುತ್ತೆ" ಅಂದಿದ್ದರೆ ಮುಗಿದಿತ್ತು. ಅವನು ಖಂಡಿತ ಬಿಡುತ್ತಿದ್ದ. ಆದರೆ ಹಾಗೆ ಹೇಳಬೇಕಾದರೆ ಮೊದಲು "ಆಗಲ್ಲ" ಅನ್ನಬೇಕಲ್ಲ! ಗೆರೆಯಪ್ಪ ಡ್ರಾಯರು ಎಳೆದು ಎಕ್ಸ್-ರೇ ಅಚ್ಚು ತೆಗೆದ.

ಪ್ಲಾನು ನೋಡಲು ಟೈಲರಕ್ಕ ಒಬ್ಬಳೇ ಬಂದಳು, ತಮ್ಮನಿಗೆ ಅವತ್ತು ಡ್ಯೂಟಿ. ಹಾಳೆಯ ಮೇಲೆ ಬಗ್ಗಿ ನಿಂತು ಕೇಳಿದಳು, "ಒಂದು ಇಂಚಿಗೆ ಎಷ್ಟು ಅಡಿ ಸಾರ್?"

"ನಾಲ್ಕು."

ಕುತ್ತಿಗೆಯ ಟೇಪು ತೆಗೆದು ಅವಳು ಕೋಣೆಯ ಗೋಡೆಗಳನ್ನು ಅಳೆದಳು. ಎರಡು ಇಂಚು ಉದ್ದ, ಒಂದೂವರೆ ಅಗಲ. "ಎಂಟು, ಆರು. ಸರಿಯಾಗಿದೆ," ಅಂತ ತಲೆಯಾಡಿಸಿದಳು. ಟೇಪು ಮಂಚದ ಪಕ್ಕದಲ್ಲೇ ಹಾದುಹೋಯಿತು. ಆದರೆ ಗೋಡೆ ಸರಿಯಿದ್ದ ಮೇಲೆ ಮಂಚವನ್ನು ಯಾರು ಅಳೆಯುತ್ತಾರೆ?

"ಮೂರೂ ಹಿಡಿಯುತ್ತೆ ಅಲ್ವಾ ಸಾರ್?" ಅಂದಳು.

"ಹೂಂ."

"ಬಾಗಿಲು?"

"ಆರಾಮಾಗಿ ತೆರೆಯುತ್ತೆ, ನೋಡಿ, ಬರೆದಿದ್ದೀನಲ್ಲ."

ಅವಳು ಹಾಳೆಯಲ್ಲಿದ್ದ ಪುಟ್ಟ ಮಂಚದ ಮೇಲೆ ಬೆರಳಿಟ್ಟು, ಅಲ್ಲಿಂದ ಬಾಗಿಲಿನವರೆಗೆ ಮೆಲ್ಲಗೆ ನಡೆಸಿಕೊಂಡು ಹೋದಳು. "ಬಾಗಿಲು ಹಾಕ್ದೆ," ಅಂತ ತನಗೆ ತಾನೇ ಹೇಳಿಕೊಂಡು ನಕ್ಕಳು. ನಗುತ್ತಲೇ ಮೆಟ್ಟಿಲಿಳಿದಳು. ಮುದುಕರು ಹೇಳಿದ್ದು ಸುಳ್ಳಾಗಲಿಲ್ಲ. ಅವತ್ತು ಗೆರೆಯಪ್ಪನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆಗಲೇ ಓಡಿಹೋಗಿ ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ಪಾಯ ತೋಡುವುದರೊಳಗೆ ಹೇಳಿದರಾಯಿತು, ಗೋಡೆ ಏಳುವುದರೊಳಗೆ ಹೇಳಿದರಾಯಿತು ಅಂತ ದಿನ ತಳ್ಳಿದ. ಗೋಡೆ ಎದ್ದಿತು, ತಾರಸಿಯೂ ಹಾಕಿ ಆಯಿತು. ಅವರು ಹೊಸ ಮನೆಗೆ ಹೋದ ದಿನ ಗೆರೆಯಪ್ಪನಿಗೆ ಮತ್ತೆ ಮಂಡಿನೋವು ಬಂತು.

ಅದಾಗಿ ಆರು ತಿಂಗಳಿಗೆ ಒಂದು ಸಂಜೆ ಹೆಂಡತಿ ಕೈಯಲ್ಲಿ ಬಟ್ಟೆಯ ಪೊಟ್ಟಣ ಹಿಡಿದು ಮುಖ ಊದಿಸಿಕೊಂಡು ಒಳಗೆ ಬಂದಳು.

"ನಿಮ್ಮ ಅಂಗಿ ಬಟ್ಟೆ ಕಣ್ರೀ. ಟೈಲರಕ್ಕ ವಾಪಸು ಕೊಟ್ಟುಬಿಟ್ಟಳು. ತಿಂಗಳಿಂದ ಇಟ್ಟುಕೊಂಡು ಕತ್ತರೀನೇ ಹಾಕಿಲ್ಲ."

"ಯಾಕಂತೆ?"

"ಕಣ್ಣಳತೆ ಹೋಯ್ತಂತೆ! ಕೈ ನಡುಗುತ್ತೆ, ಬೇರೆಯವರ ಹತ್ರ ಕೊಡಿ ಅಂದಳು. ಹೊಸ ಮನೆಗೆ ಹೋದಾಗಿನಿಂದ ಹಂಗೇ ಅಂತೆ. ಕೋಣೇಲಿ ಮೇಜು ಹಿಡೀಲಿಲ್ಲ, ಪ್ಲಾನ್ ಸರಿಯಾಗೇ ಇತ್ತು, ಗೋಡೇನೂ ಸರಿಯಾಗಿದೆ, ನನ್ನ ಲೆಕ್ಕವೇ ಕೆಟ್ಟಿದೆ ಅಂತಾಳೆ. ಆಮೇಲಿಂದ ಒಂದಕ್ಕೆ ನಾಲ್ಕು ಸಲ ಅಳೆಯೋದು, ಆದ್ರೂ ನಂಬಿಕೆ ಬರದೆ ಒಂದು ಬೆರಳು ಜಾಸ್ತಿ ಬಿಡೋದು. ಯಾರದ್ದೋ ಕೋಟು ಗೋಣಿಚೀಲ ಆಗಿಹೋಯ್ತಂತೆ. ಮನೇಲಿ ಮಕ್ಕಳೂ ಆಡ್ಕೊಂಡು ನಗ್ತಾರಂತೆ, ಅತ್ತೆ ಟೇಪಿಗೆ ವಯಸ್ಸಾಯ್ತು ಅಂತ. ಪಾಪ ಕಣ್ರೀ. ಅಂಥಾ ಕೈ!"

ಕೋಣೆ ಇಕ್ಕಟ್ಟಾಗಿರುತ್ತದೆ, ಬೈದುಕೊಳ್ಳುತ್ತಾರೆ ಅಂತ ಮಾತ್ರ ಗೆರೆಯಪ್ಪ ಅಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅವನನ್ನು ನಂಬಿ ತನ್ನನ್ನು ಬೈದುಕೊಂಡಿದ್ದಳು. ನನ್ನ ಒಂದು ಹೂಂ ನಲವತ್ತು ವರ್ಷದ ಕೈಯನ್ನು ಕಟ್ಟಿಹಾಕಿತಲ್ಲ, ನಾನು ಎಂಥ ಪಾಪಿ ಅಂತ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಡ್ರೈವರಿಗೆ ಕೊಟ್ಟಿದ್ದ ಪ್ಲಾನಿನ ನಕಲು ಮೇಸ್ತ್ರಿಯ ಕೈ ಸೇರಿ, ಸಿಮೆಂಟು ಮೆತ್ತಿಕೊಂಡು ಎಂದೋ ಹರಿದುಹೋಗಿತ್ತು. ಮೂಲ ಹಾಳೆ ಇದ್ದದ್ದು ಇವನ ಆಫೀಸಿನಲ್ಲಿ ಮಾತ್ರ. ಅಂದರೆ ಇವನು ಬಾಯಿಬಿಡದಿದ್ದರೆ ಸತ್ಯ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಸಾಯುವವರೆಗೂ ತನ್ನ ಕಣ್ಣೇ ಕೆಟ್ಟಿದ್ದು ಅಂದುಕೊಂಡೇ ಇರುತ್ತಾಳೆ.

ಮರುದಿನ ಬೆಳಗ್ಗೆ ಹಾಳೆಯ ಸುರುಳಿ, ಅಚ್ಚು, ಬಟ್ಟೆಯ ಪೊಟ್ಟಣ ಮೂರನ್ನೂ ಕಂಕುಳಲ್ಲಿ ಅವಚಿಕೊಂಡು ಹೊರಟ. ತಾನು ಬರೆದ ಮನೆಯೊಳಗೆ ಗೆರೆಯಪ್ಪ ಕಾಲಿಟ್ಟದ್ದು ಅದೇ ಮೊದಲು.

"ಅಯ್ಯೋ, ಬನ್ನಿ ಬನ್ನಿ, ಈಗ ದಾರಿ ಗೊತ್ತಾಯ್ತಾ?" ಅಂತ ಡ್ರೈವರಿನ ಹೆಂಡತಿ ಕುರ್ಚಿ ಎಳೆದಳು. ಡ್ರೈವರು ಡ್ಯೂಟಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದ. ಗೆರೆಯಪ್ಪನ ಕಣ್ಣು ಮೆಟ್ಟಿಲಿನ ಪಕ್ಕಕ್ಕೇ ಹೋಯಿತು. ಅಲ್ಲಿ ಬಾಗಿಲ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಒಂದು ಹಳೇ ಪರದೆ ನೇತಾಡುತ್ತಿತ್ತು.

"ಬಾಗಿಲು ಎಲ್ಲಿ?"

"ಮಂಚಕ್ಕೆ ಬಡೀತಿತ್ತು ಸಾರ್. ಅರ್ಧ ತೆರೆದ್ರೆ ನಿಂತುಬಿಡೋದು, ಅಕ್ಕ ಅಡ್ಡ ತಿರುಗಿ ನುಸುಳಬೇಕಾಗಿತ್ತು," ಅಂದ ಡ್ರೈವರು. "ಬಿಚ್ಚಿಸಿ ಮಹಡಿ ಮೇಲೆ ಇಟ್ಟಿದ್ದೀನಿ. ಮೇಜೂ ಅಲ್ಲೇ ಇದೆ."

ಪರದೆ ಸರಿಸಿದರೆ ಟೈಲರಕ್ಕ ಮಂಚದ ಅಂಚಿನ ಮೇಲೆ ಕೂತು ಮಿಷನ್ ತುಳಿಯುತ್ತಿದ್ದಳು. ಸ್ಟೂಲು ಹಾಕಲು ಜಾಗವಿರಲಿಲ್ಲ. ಯಾವುದೋ ದಿಂಬಿನ ಚೀಲಕ್ಕೆ ನೇರ ಹೊಲಿಗೆ ಹಾಕುತ್ತಿದ್ದಳು. ಟೇಪು ಕುತ್ತಿಗೆಯಲ್ಲಿರಲಿಲ್ಲ, ಗೋಡೆಯ ಮೊಳೆಗೆ ನೇತುಹಾಕಿತ್ತು.

"ಬನ್ನಿ ಸಾರ್," ಅಂತ ಎದ್ದಳು. "ನಿಮಗೆ ಮುಖ ತೋರಿಸೋಕೇ ನಾಚಿಕೆ ನನಗೆ. ಅಷ್ಟು ಚೆನ್ನಾಗಿ ಬರೆದುಕೊಟ್ಟಿದ್ರಿ. ಗೋಡೆ ಅಳೆದು ನೋಡಿದೆ, ಎಂಟು, ಆರು, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ನಾನೇ ಏನೋ ತಪ್ಪು ಲೆಕ್ಕ ಹಾಕಿದ್ದೆ. ವಯಸ್ಸಾಯ್ತು ನೋಡಿ."

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಅವಳೇ ಅವನನ್ನು ಬಿಡುಗಡೆ ಮಾಡಿಬಿಟ್ಟಿದ್ದಳು. ಇನ್ನೊಂದು ಹೂಂ ಅಂದರೆ ಕಾಫಿ ಕುಡಿದು ಮನೆಗೆ ಹೋಗಬಹುದು. ಆ ಹೂಂ ನಾಲಿಗೆಯ ತುದಿಯವರೆಗೆ ಬಂದೇಬಂದಿತ್ತು, ಸುಳ್ಳು ಯಾಕೆ ಹೇಳಬೇಕು. ಗೆರೆಯಪ್ಪ ಅದನ್ನು ನುಂಗಿಕೊಂಡು, ಹಾಳೆಯನ್ನು ಮಂಚದ ಮೇಲೆ ಬಿಡಿಸಿದ.

"ಅಕ್ಕ, ಅವತ್ತು ನೀವು ಗೋಡೆ ಅಳೆದಿರಿ. ಈಗ ಮಂಚ ಅಳೀರಿ."

ಅವಳು ಅರ್ಥವಾಗದೆ ಅವನ ಮುಖ ನೋಡಿದಳು. ಮೊಳೆಯಿಂದ ಟೇಪು ತೆಗೆದು, ಹಾಳೆಯ ಮೇಲಿನ ಪುಟ್ಟ ಮಂಚದ ಮೇಲಿಟ್ಟಳು. ಒಂದೂಕಾಲು ಇಂಚು. ಮತ್ತೊಮ್ಮೆ ಇಟ್ಟಳು. ಒಂದೂಕಾಲು. ತುಟಿ ಅಲ್ಲಾಡಿತು, ಲೆಕ್ಕ ಹಾಕುತ್ತಿದ್ದಳು.

"ಐದಡಿ," ಅಂದಳು.

"ಐದಡಿ ಮಂಚ ಲೋಕದಲ್ಲೇ ಇಲ್ಲ ಅಕ್ಕ. ನಾನೇ ಚಿಕ್ಕದು ಮಾಡಿ ಬರೆದೆ. ಮೇಜನ್ನೂ ಹಾಗೇ ಮಾಡಿದೆ. ಹಿಡಿಯಲ್ಲ ಅಂತ ಗೊತ್ತಿದ್ದೂ ಬರೆದೆ. ಇದರಲ್ಲಿ." ಅಚ್ಚನ್ನು ಮುಂದಿಟ್ಟ. "ನಿಮಗೆ ಆಗಲ್ಲ ಅನ್ನೋಕೆ ನನಗೆ ಧೈರ್ಯ ಇರಲಿಲ್ಲ. ನಿಮ್ಮ ಲೆಕ್ಕ ತಪ್ಪಿಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ಟೈಲರಕ್ಕ ಅಚ್ಚನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ.

"ಆರು ತಿಂಗಳು," ಅಂದಳು ಮೆಲ್ಲಗೆ. "ಆರು ತಿಂಗಳು ನನ್ನ ಕೈಯನ್ನ ನಾನೇ ನಂಬಲಿಲ್ಲ ಸಾರ್. ಬಟ್ಟೆ ಮುಂದೆ ಹಾಕ್ಕೊಂಡು ಕತ್ತರಿ ಹಿಡಿದು ಸುಮ್ಮನೆ ಕೂತಿರ್ತಿದ್ದೆ." ಆಮೇಲೆ ಪರದೆ ಸರಿಸಿ ಕೂಗಿದಳು: "ಲೋ ತಮ್ಮ, ಇಲ್ಲಿ ಬಾ. ಅವಳನ್ನೂ ಕರಿ."

ಗಂಡ ಹೆಂಡತಿ ಬಂದು ಚೌಕಟ್ಟಿನಲ್ಲಿ ನಿಂತರು. ಒಳಗೆ ಇನ್ನಿಬ್ಬರು ನಿಲ್ಲಲು ಜಾಗವೆಲ್ಲಿದೆ? ಟೈಲರಕ್ಕ ಟೇಪಿನ ಒಂದು ತುದಿಯನ್ನು ನಿಜವಾದ ಮಂಚದ ತಲೆದಿಕ್ಕಿಗೆ ಒತ್ತಿ ಹಿಡಿದು, ಉಳಿದದ್ದನ್ನು ಗೆರೆಯಪ್ಪನ ಕೈಗೆ ಕೊಟ್ಟಳು. ಐದಡಿಯ ಟೇಪು ಮಂಚದ ಕೊನೆ ಮುಟ್ಟಲಿಲ್ಲ. ಮುಗಿದಲ್ಲಿ ಬೆರಳಿಟ್ಟು, ಅಲ್ಲಿಂದ ಮತ್ತೆ ಅಳೆಯಬೇಕಾಯಿತು.

"ಎಷ್ಟು? ಹೇಳಿ."

"ಆರೂಕಾಲು."

"ಗಟ್ಟಿಯಾಗಿ ಹೇಳಿ ಸಾರ್. ಇವರಿಗೆ ಕೇಳಿಸಬೇಕು."

"ಆರೂಕಾಲು ಅಡಿ."

"ಹಾಳೇಲಿ?"

"ಐದು." ಆಮೇಲೆ ಅವಳು ಕೇಳುವ ಮುಂಚೆಯೇ ಉಳಿದದ್ದನ್ನೂ ಅವರಿಬ್ಬರಿಗೆ ಹೇಳಿದ. ತಲೆ ತಗ್ಗಿಸಿಕೊಂಡೇ ಹೇಳಿದ, ಆದರೆ ಒಂದನ್ನೂ ಬಿಡದೆ ಹೇಳಿದ.

ಡ್ರೈವರಿನ ಮುಖ ಕೆಂಪಾಯಿತು. "ಅಲ್ಲಾರೀ, ಒಂದು ಮಾತು ಹೇಳಿದ್ರೆ ನಮ್ಮ ಕೋಣೇಲಿ ಎರಡಡಿ ಬಿಡ್ತಿರಲಿಲ್ವಾ ನಾನು?" ಅಂತ ಗದರಿದ. ಡ್ರೈವರಿನ ಹೆಂಡತಿ ಟೈಲರಕ್ಕನ ಮೊಣಕೈ ಹಿಡಿದುಕೊಂಡು, "ನಾವು ಎಷ್ಟು ಆಡ್ಕೊಂಡ್ವಿ ಅಕ್ಕ, ತಪ್ಪಾಯ್ತು" ಅಂದಳು.

"ಅದಿರಲಿ ಬಿಡೇ. ಅವನಿಗೆ ಡ್ಯೂಟಿಗೆ ಹೊತ್ತಾಯ್ತು, ಕಳಿಸು," ಅಂದಳು ಟೈಲರಕ್ಕ.

ಅವರು ಹೋದ ಮೇಲೆ ಗೆರೆಯಪ್ಪ ತಡವರಿಸಿದ, "ನಡುವಿನ ಗೋಡೆ ಒಡೆಸಿ ಎರಡಡಿ ಸರಿಸೋಣ ಅಕ್ಕ, ನಾನೇ ನಿಂತು ಮಾಡಿಸ್ತೀನಿ. ನನ್ನನ್ನ ಕ್ಷಮಿಸಿ..."

"ಮಾಡಿಸಿ. ಆಮೇಲೆ ನೋಡೋಣ. ಈಗಂತೂ ಕೋಣೆ ಇನ್ನೂ ಅಷ್ಟೇ ಇದೆ." ಅಚ್ಚನ್ನು ಅವನ ಕೈಗೆ ವಾಪಸು ಕೊಟ್ಟಳು. "ಇದನ್ನ ತಗೊಂಡು ಹೋಗಿ, ಇಲ್ಲಿ ಇಡೋಕೆ ಜಾಗ ಇಲ್ಲ. ಇದ್ರಲ್ಲಿ ಇನ್ನೆಷ್ಟು ಮಂಚ ಬರೆದಿದ್ದೀರಿ ಸಾರ್?"

ಮೂವತ್ತೊಂದು ವರ್ಷ. ಗೋಡೆಗೆ ಒರಗಿಸಿಟ್ಟ ಸುರುಳಿಗಳೆಲ್ಲ ಕಣ್ಣ ಮುಂದೆ ಬಂದವು. ಯಾವ್ಯಾವ ಮನೆಯಲ್ಲಿ ಯಾರು ಅಡ್ಡ ತಿರುಗಿ ನುಸುಳುತ್ತಿದ್ದಾರೋ, ತಮ್ಮ ಲೆಕ್ಕವೇ ತಪ್ಪಿತು ಅಂದುಕೊಂಡಿದ್ದಾರೋ.

ಅವಳು ಉತ್ತರಕ್ಕೆ ಕಾಯಲಿಲ್ಲ. ಅವನ ಕಂಕುಳಿನ ಪೊಟ್ಟಣ ಎಳೆದುಕೊಂಡು ಬಿಚ್ಚಿದಳು. ಹಾಳೆಯನ್ನು ಮಿಷನ್ ಮೇಲೆ ಸರಿಸಿ, ಮಂಚದ ಹಾಸಿಗೆ ಸುತ್ತಿಟ್ಟು, ಬರೀ ಹಲಗೆಯ ಮೇಲೆ ಅಂಗಿ ಬಟ್ಟೆ ಹರವಿದಳು. ಟೇಪು ಕುತ್ತಿಗೆಗೆ ಬಂತು.

"ಕೈ ಎತ್ತಿ."

ಎತ್ತಿದ. ಭುಜ, ತೋಳು, ಎದೆ ಆಯಿತು. ಹೊಟ್ಟೆಗೆ ಟೇಪು ಸುತ್ತಿದಾಗ ಗೆರೆಯಪ್ಪ ಅಭ್ಯಾಸಬಲದಿಂದ ಉಸಿರು ಒಳಗೆಳೆದುಕೊಂಡ. "ಮೂವತ್ನಾಲ್ಕು ಅಕ್ಕ, ಯಾವಾಗ್ಲೂ ಅಷ್ಟೇ ಬರೆಯೋದು."

"ಉಸಿರು ಬಿಡಿ."

ಬಿಟ್ಟ.

"ಮೂವತ್ತೊಂಬತ್ತು," ಅಂದಳು. ನೋಟುಬುಕ್ಕಿನಲ್ಲಿ ಬರೆದುಕೊಂಡಳು. "ಎಷ್ಟಿದೆಯೋ ಅಷ್ಟೇ ಬರೀತೀನಿ ಸಾರ್. ಚಿಕ್ಕದಾಗಿ ಬರೆದು ಖುಷಿಪಡಿಸೋದು ನನಗೆ ಬರಲ್ಲ."

ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದಳು, ಎರಡನೇ ಸಲ ಅಳೆಯಲಿಲ್ಲ. ಕತ್ತರಿ ಬಟ್ಟೆಯೊಳಗೆ ಹೊಕ್ಕಿತು. ಎಲ್ಲೂ ನಿಲ್ಲದೆ ಕರಕರ ಅಂತ ಮುಂದೆ ಹೋಯಿತು. ಗೆರೆಯಪ್ಪ ಹಾಳೆ ಸುತ್ತಿಕೊಂಡು, ಮಂಚಕ್ಕೂ ಮಿಷನ್ನಿಗೂ ನಡುವೆ ಅಡ್ಡಡ್ಡ ನುಸುಳಿ ಚೌಕಟ್ಟು ದಾಟಿದ.

ಅವಳು ಕತ್ತರಿಯಿಂದ ಕಣ್ಣೆತ್ತಲಿಲ್ಲ. "ಹೋಗ್ತಾ ಆ ಪರದೆ ಎಳೆದು ಹೋಗಿ ಸಾರ್," ಅಂದಳು.